ಒದ್ದೆ ಹಾಸುಬಟ್ಟೆಗಳ ನೆರಳು

ಆ ವಸತಿಗೃಹದ ತಾರಸಿಯ ಮೇಲೆ ಅಕ್ಕತಂಗಿಯರಿಬ್ಬರು ಇಪ್ಪತ್ತಾರು ವರ್ಷ ಹಾಸಿಗೆಯ ಬಿಳಿ ಬಟ್ಟೆಗಳನ್ನು ಒಣಹಾಕಿದರು. ಕೆಲಸದವರ ಬಾಯಲ್ಲಿ ಒಬ್ಬಳು ದೊಡ್ಡವಳು, ಇನ್ನೊಬ್ಬಳು ಚಿಕ್ಕವಳು.

ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳು ದೊಡ್ಡವಳೇ. ಅವಳಿಗೆ ಹದಿನೆಂಟು ತುಂಬಿದಾಗ ತಾನಿದ್ದ ಕೆಲಸಕ್ಕೆ ಸೇರಿಸಿದವಳೂ ಅವಳೇ. ಚಿಕ್ಕವಳದು ತೆಳು ಚರ್ಮ. ಅರ್ಧ ಗಂಟೆ ಬಿಸಿಲಿಗೆ ನಿಂತರೆ ಕೆಂಡದಂತೆ ಕೆಂಪಾಗುತ್ತಿತ್ತು. ಹಾಗಾಗಿ ದೊಡ್ಡವಳು ತಾನು ಕಂಡುಕೊಂಡ ಉಪಾಯವನ್ನು ಅವಳಿಗೆ ಕಲಿಸಿದಳು. ಮೊದಲು ಸೂರ್ಯನಿರುವ ಕಡೆಯ ಹಗ್ಗಕ್ಕೆ ಒದ್ದೆ ಬಟ್ಟೆ ಹರವಬೇಕು. ಅದರ ನೆರಳಿನಲ್ಲಿ ನಿಂತು ಎರಡನೆಯ ಹಗ್ಗ, ಎರಡನೆಯದರ ನೆರಳಿನಲ್ಲಿ ಮೂರನೆಯದು. ಹೊತ್ತು ತಿರುಗಿದ ಮೇಲೆ ಆಚೆ ತುದಿಯಿಂದ ಆರಂಭ. ಮೈಮೇಲೆ ಗಂಡಸರ ಹಳೆಯ ತುಂಬುತೋಳಿನ ಷರಟು, ತಲೆಗೊಂದು ವಸ್ತ್ರ.

"ಮುಖಕ್ಕೇನೂ ಬೇಡ್ವಾ ಅಕ್ಕಾ?"

"ನೆರಳಲ್ಲಿ ನಿಂತವಳಿಗೆ ಮುಖ ಮುಚ್ಚೋದ್ಯಾಕೆ? ಉಸಿರು ಕಟ್ಟುತ್ತೆ, ಸುಮ್ನಿರೇ."

ವರ್ಷಗಳು ಉರುಳಿದರೂ ಚಿಕ್ಕವಳ ಕೈಗಳು ಸುಡಲಿಲ್ಲ, ಕತ್ತು ಕಪ್ಪಾಗಲಿಲ್ಲ. ಕೆಳಗಿನ ಕೋಣೆಯ ಇಸ್ತ್ರಿಯವನು ಅವಳನ್ನು ಕಂಡಾಗಲೆಲ್ಲ, "ಏನಮ್ಮಾ, ನಿನ್ನನ್ನೂ ಬಟ್ಟೆ ಜೊತೆ ನೀಲಿಯಲ್ಲಿ ಅದ್ದಿ ತೆಗೀತಾಳಾ ನಿಮ್ಮಕ್ಕ?" ಎಂದು ಕೆಣಕುತ್ತಿದ್ದ. ಆ ಮಾತು ಕೇಳಿದಾಗ ದೊಡ್ಡವಳು ಒಳಗೊಳಗೇ ಹಿಗ್ಗುತ್ತಿದ್ದಳು.

ಚಿಕ್ಕವಳ ಎಡಗಣ್ಣಿನ ಕೆಳರೆಪ್ಪೆಯ ಮೇಲೆ ಸಾಸಿವೆಯಷ್ಟು ಗಂಟು ಎದ್ದಾಗ ಇಬ್ಬರೂ ಅದನ್ನು ಕುರು ಎಂದುಕೊಂಡರು. ಬಟ್ಟೆಯನ್ನು ಬಿಸಿನೀರಿಗೆ ಅದ್ದಿ ದೊಡ್ಡವಳು ದಿನವೂ ಕಾವು ಕೊಟ್ಟಳು. ಗಂಟು ಕರಗಲಿಲ್ಲ, ಒಡೆದು, ಹಸಿ ಹುಣ್ಣಾಗಿ ನಿಂತಿತು. ಹೀಗೆ ಎರಡು ವರ್ಷ ಕಳೆದವು. ಕಡೆಗೆ ಆಸ್ಪತ್ರೆಗೆ ಹೋದಾಗ ವೈದ್ಯೆ ಅವರ ಕೆಲಸದ ಬಗೆಯನ್ನೆಲ್ಲ ಕೇಳಿ ತಿಳಿದುಕೊಂಡು, ದೊಡ್ಡವಳನ್ನು ಹೊರಗೆ ಕರೆದರು.

"ಇದು ಚರ್ಮದ ಕ್ಯಾನ್ಸರ್ ಅಮ್ಮ. ಒಳಕ್ಕೆ ಇಳಿದುಬಿಟ್ಟಿದೆ, ಕಣ್ಣು ತೆಗೀಲೇಬೇಕು."

"ಬಿಸಿಲೇ ತಾಗಿಸಿಲ್ಲ ಡಾಕ್ಟ್ರೇ ಅವಳಿಗೆ! ಯಾವಾಗ್ಲೂ ನೆರಳಲ್ಲೇ ನಿಲ್ಲಿಸ್ತಿದ್ದೆ."

"ಕಾಲಡಿ ಸುಣ್ಣ ಬಳಿದ ತಾರಸಿ, ಎದುರಿಗೆ ಬಿಳಿ ಬಟ್ಟೆ. ಬಿಸಿಲು ಅವುಗಳ ಮೇಲೆ ಬಿದ್ದು, ಅಲ್ಲಿಂದ ಮುಖಕ್ಕೆ ಹೊಡೀತಿತ್ತು. ಅದೇ ಕಾರಣ ಅಂತ ಖಂಡಿತವಾಗಿ ಹೇಳಕ್ಕಾಗಲ್ಲ. ಆದ್ರೆ ಇರಬಹುದು."

"ನಾನೂ ಅಲ್ಲೇ ಇದ್ನಲ್ಲ? ನನಗ್ಯಾಕೆ ಬರ್ಲಿಲ್ಲ?"

"ಎಲ್ಲರ ಚರ್ಮ ಒಂದೇ ಥರ ಇರಲ್ಲಮ್ಮ."

ಬಿಳಿ ಬಟ್ಟೆಯಿಂದ ಬಿಸಿಲು ಹೊಡೆಯುತ್ತಿದ್ದ ಮಾತನ್ನು ದೊಡ್ಡವಳು ತಂಗಿಗೆ ಹೇಳಲಿಲ್ಲ. ಶಸ್ತ್ರಚಿಕಿತ್ಸೆ ಮುಗಿಯಲಿ ಎಂದು ಕಾದಳು. ಮುಗಿದ ಮೇಲೆ ನೋವು ಇಳಿಯಲಿ ಎಂದು ಕಾದಳು.

ಐದನೆಯ ದಿನ ಚಿಕ್ಕವಳು ದಿಂಬಿಗೊರಗಿ ಕುಳಿತು, ಅರ್ಧ ಮುಖಕ್ಕೆ ಪಟ್ಟಿ ಕಟ್ಟಿದ್ದರೂ ನಕ್ಕಳು. "ಇನ್ಮೇಲೆ ಇಸ್ತ್ರಿಯವನ ಮೋರೆ ಅರ್ಧ ನೋಡಿದ್ರೆ ಸಾಕು, ನನ್ನ ಪುಣ್ಯ." ಆಮೇಲೆ ಅಕ್ಕನ ಕೈ ಹಿಡಿದು, "ನೀನು ನೆರಳಲ್ಲಿ ನಿಲ್ಲೋದು ಕಲಿಸಿಲ್ದಿದ್ರೆ ಮುಖಾನೇ ಹೋಗ್ತಿತ್ತೇನೋ ಅಕ್ಕಾ," ಎಂದಳು.

ಬೈದಿದ್ದರೆ ದೊಡ್ಡವಳು ತಡೆದುಕೊಳ್ಳುತ್ತಿದ್ದಳು. ಈ ಉಪಕಾರಸ್ಮರಣೆಯನ್ನು ತಡೆದುಕೊಳ್ಳಲಾಗಲಿಲ್ಲ. ವೈದ್ಯೆ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿಬಿಟ್ಟಳು.

ಚಿಕ್ಕವಳು ಉಳಿದ ಒಂದು ಕಣ್ಣಿನಲ್ಲಿ ಅಕ್ಕನನ್ನು ನೋಡುತ್ತಲೇ ಇದ್ದಳು.

"ಯಾಕೆ ಹೇಳ್ದೆ ಅಕ್ಕಾ? ಇಷ್ಟು ದಿನ ಕಣ್ಣು ಹೋಯ್ತಲ್ಲಾ ಅಂತ ಅಳೋಕೆ ನೀನಿದ್ದೆ ನನ್ನ ಹತ್ರ. ಈಗ ನಿನ್ನ ಮುಂದೆ ಹೇಗೆ ಅಳ್ಲಿ?"

ಹಾಗೆಂದು ಅವಳು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿ ಮಲಗಿದಳು. ನರ್ಸಮ್ಮ ಬಂದು, ನೋಡಲು ಬಂದವರ ಹೊತ್ತು ಮುಗಿಯಿತು ಎಂದು ಎಬ್ಬಿಸುವವರೆಗೂ ದೊಡ್ಡವಳು ಅವಳ ಬೆನ್ನನ್ನು ನೋಡುತ್ತ ಕುಳಿತಿದ್ದಳು.