ಆ ಹೆಸರಿನವರು ಇಲ್ಲಿಲ್ಲ

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದವಳು ನಾನು. ಈಗಲೂ ಅದನ್ನೆಲ್ಲ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಮ್ಮ ಮನೆಯ ಕಂಪ್ಯೂಟರಿನಲ್ಲಿ ನಡೆದದ್ದನ್ನು ತಿಳಿದವರು ಎನಿಸಿಕೊಂಡವರ ಮುಂದೆಲ್ಲ ಹೇಳಿ ನೋಡಿದ್ದೇನೆ. ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟರು, ಯಾವುದೂ ಕೊನೆಯವರೆಗೆ ನಿಲ್ಲಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ನನಗಿಂತ ಹೆಚ್ಚಾಗಿ ನಮ್ಮ ಅತ್ತೆಗೆ ಉಪಕಾರವಾಗುತ್ತದೆ.

ನಮ್ಮೂರು ಕ್ಯಾಸಂಬಳ್ಳಿಯ ಹತ್ತಿರ. ಆ ಕಂಪ್ಯೂಟರ್ ನನ್ನ ಮೈದುನ ಮುನಿರಾಜು ತಂದದ್ದು. ಅವನು ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂಗಡಿಯಲ್ಲಿ ಮುಗಿಯದ ಕೆಲಸವನ್ನು ಮನೆಗೆ ತಂದು ಸಂಜೆ ಕೂತು ಮಾಡುತ್ತಿದ್ದ. ಹುಟ್ಟುಹಬ್ಬ, ಚುನಾವಣೆ, ದೇವಸ್ಥಾನ ಎಲ್ಲದರ ಫ್ಲೆಕ್ಸ್ ಮಾಡುತ್ತಿದ್ದನಾದರೂ ಶ್ರದ್ಧಾಂಜಲಿಯದ್ದಕ್ಕೆ ಅವನೇ ಆಗಬೇಕು ಎಂದು ಸುತ್ತಲ ಊರಿನವರು ಕೇಳಿಕೊಂಡು ಬರುತ್ತಿದ್ದರು. ನಮ್ಮ ಕಡೆಯ ಮುದುಕರಿಗೆ ಒಬ್ಬರೇ ನಿಂತ ಫೋಟೋ ಎಲ್ಲಿರುತ್ತದೆ? ಯಾವುದೋ ಮದುವೆಯ ಗುಂಪಿನಿಂದ ಮುಖ ಕತ್ತರಿಸಿ, ಹೆಗಲ ಮೇಲಿದ್ದ ಇನ್ಯಾರದೋ ಕೈ ಅಳಿಸಿ, ಒಂದು ಹಾರ, ಎರಡು ದೀಪ ಕೂರಿಸುತ್ತಿದ್ದ. ದೀಪ ಹಚ್ಚುವ ಹೊತ್ತಿನಲ್ಲಿ ಸತ್ತವರ ಮುಖ ಇಟ್ಟುಕೊಂಡು ಕೂರಬೇಡ ಎಂದು ನಾನು ಗದರಿದರೆ ನಗುತ್ತಿದ್ದ.

"ಸತ್ತೋರು ನಗ್ತಾ ಇರ್ಬೇಕು ಅತ್ತಿಗೆ. ಇಲ್ದಿದ್ರೆ ನೋಡ್ದೋರು ಮನೆಯೋರ್ನ ಬೈಕೊಂತಾರೆ" ಅನ್ನುತ್ತಿದ್ದ.

ಒಂದು ಬೆಳಿಗ್ಗೆ ಬಂಗಾರಪೇಟೆಯಿಂದ ಇಂಕು ತರುತ್ತೇನೆಂದು ಹೋದವನು ಬರಲಿಲ್ಲ. ರೈಲು ಮಾರಿಕುಪ್ಪಂನಿಂದಲೇ ಹೊರಡುವುದರಿಂದ ಸೀಟು ಸಿಗುತ್ತದೆ ಎಂದು ಅವನು ಯಾವಾಗಲೂ ಅಲ್ಲಿಗೇ ಹೋಗಿ ಹತ್ತುತ್ತಿದ್ದ. ಅವನ ಬೈಕು ಆ ಸ್ಟೇಷನ್ನಿನ ಹೊರಗೇ ಸಿಕ್ಕಿತು. ಜಗಳವಿರಲಿಲ್ಲ, ಕುಡಿತವಿರಲಿಲ್ಲ, ಮನಸ್ಸಿನಲ್ಲಿ ಯಾವ ಹುಡುಗಿಯೂ ಇದ್ದಂತಿರಲಿಲ್ಲ. ನನ್ನ ಯಜಮಾನರು ತಮ್ಮನನ್ನು ಹುಡುಕಿಕೊಂಡು ಆಸ್ಪತ್ರೆಗಳಿಗೆ ಹೋದರು, ಹೆಣ ಇಡುವ ಕೋಣೆಗಳಿಗೂ ಹೋಗಿ ನೋಡಿ ಬಂದರು. ಪೊಲೀಸರಿಗೆ ದೂರು ಕೊಟ್ಟದ್ದಾಯಿತು. ಅವನು ನಗುತ್ತಿರುವ ಒಂದು ಫೋಟೋ ಹಾಕಿ "ಕಾಣೆಯಾಗಿದ್ದಾರೆ" ಎಂಬ ಕಾಗದವನ್ನು ಸ್ಟೇಷನ್ನುಗಳಲ್ಲೆಲ್ಲ ಅಂಟಿಸಿದ್ದಾಯಿತು. ಅತ್ತೆ ಪ್ರತಿ ಸಂಜೆ ಒಂದು ಮುದ್ದೆ ತೆಗೆದಿಡುತ್ತಿದ್ದರು. ಬೆಳಿಗ್ಗೆ ಅದು ಹಸುವಿಗೆ ಹೋಗುತ್ತಿತ್ತು.

ಬಹಳ ಕಾಲ ಆ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿಯೇ ಇತ್ತು. ಆಮೇಲೆ ಊರಿನವರ ಅರ್ಜಿ ತುಂಬಿಸುವುದು, ಮಕ್ಕಳ ಹಾಲ್ ಟಿಕೆಟ್ ತೆಗೆದುಕೊಡುವುದು ಎಂದು ನಾನು ಕೂರತೊಡಗಿದೆ. ಮುನಿರಾಜು ಹಾಕಿದ್ದ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ರಾಬರ್ಟ್‌ಸನ್‌ಪೇಟೆಯ ರಿಪೇರಿಯವನು ಅದನ್ನು ಬದಲಿಸಿ, ಪಕ್ಕದಲ್ಲಿ ನನ್ನದೊಂದು ಹೆಸರು ಸೇರಿಸಿ ಕೊಟ್ಟ.

ಅಂದಿನಿಂದ ಒಂದು ಕಾಟ ಶುರುವಾಯಿತು. ಸಂಜೆ ಅತ್ತೆ ಡೇರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಸರಿಯಾಗಿ ಪರದೆ ಸ್ವಲ್ಪ ಹೊತ್ತು ಮರಗಟ್ಟಿ ನಿಲ್ಲುತ್ತಿತ್ತು. ಮುನಿರಾಜು ಕೆಲಸದಿಂದ ಮನೆಗೆ ಬರುತ್ತಿದ್ದದ್ದೂ ಅದೇ ಹೊತ್ತು, ಆದರೆ ಆಗ ನನಗೆ ಅದು ಹೊಳೆಯಲಿಲ್ಲ. ಕಂಪ್ಯೂಟರ್ ತನಗಾದ ತೊಂದರೆಗಳನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುವ ಒಂದು ಜಾಗವಿರುತ್ತದೆ, ಎರರ್ ಲಾಗ್ ಅನ್ನುತ್ತಾರೆ. ಅದನ್ನು ತೆಗೆದು ನೋಡಿದರೆ ಪ್ರತಿ ಸಂಜೆಯೂ ಒಂದೇ ಸಾಲು. ಮುನಿರಾಜು ಎಂಬ ಹೆಸರಿನಲ್ಲಿ ಯಾರೋ ಒಳಗೆ ಬರಲು ನೋಡಿದ್ದಾರೆ, ಪಾಸ್‌ವರ್ಡ್ ತಪ್ಪಾಗಿದೆ.

ನಿಜ ಹೇಳುತ್ತೇನೆ, ನನಗೆ ಆಗ ಭಯವಾಗಲಿಲ್ಲ, ಕೋಪ ಬಂತು. ಯಾರೋ ಕಳ್ಳ ನೆಟ್‌ನಿಂದ ನುಗ್ಗುತ್ತಿದ್ದಾನೆ ಅಂದುಕೊಂಡು ನೆಟ್ ಕಿತ್ತು ಹಾಕಿದೆ. ಮರುದಿನವೂ ಅದೇ ಸಾಲು ಬಂತು. ರಿಪೇರಿಯವನನ್ನು ಕೇಳಿದರೆ ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. ಮುನಿರಾಜು ದಿನಾ ಸಂಜೆ ತಾನಾಗಿ ನಡೆಯುವಂತೆ ಏನೋ ಕೆಲಸ ಒಪ್ಪಿಸಿರಬೇಕು, ಅದು ಹಳೆಯ ಪಾಸ್‌ವರ್ಡ್ ಹಿಡಿದುಕೊಂಡು ಬಂದು ವಾಪಸ್ ಹೋಗುತ್ತಿದೆ ಅಂದ. ನನಗೂ ಸಮಾಧಾನವಾಯಿತು. ಇಬ್ಬರೂ ಕೂತು ಹುಡುಕಿದೆವು, ಅಂಥ ಕೆಲಸ ಯಾವುದೂ ಸಿಗಲಿಲ್ಲ. ಕೊನೆಗೆ ಅವನ ಫೋಟೋ, ಡಿಸೈನುಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟು, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಸಿದೆ. ಈಗ ಅದರಲ್ಲಿ ಇದ್ದದ್ದು ನನ್ನ ಹೆಸರೊಂದೇ.

ಕೆಲವು ದಿನ ಸುಮ್ಮನಿತ್ತು. ಆಮೇಲೊಂದು ಸಂಜೆ ಪರದೆ ಮತ್ತೆ ನಿಂತಿತು. ಲಾಗ್ ತೆಗೆದೆ. ಸಾಲು ಬದಲಾಗಿತ್ತು. ಮುನಿರಾಜು ಎಂಬ ಹೆಸರಿನವರು ಇಲ್ಲಿಲ್ಲ ಎಂದು ಬರೆದಿತ್ತು. ಆ ಹೆಸರನ್ನು ಹೊಸದಾಗಿ ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಮರುದಿನ ಕೀಬೋರ್ಡನ್ನೇ ಕಿತ್ತು ಅಟ್ಟದ ಮೇಲೆ ಇಟ್ಟು ಎದುರಿಗೆ ಕೂತು ಕಾದೆ. ಆಗಲೂ ಬಂತು.

ಅತ್ತೆ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿರಬೇಕು. ಏನು ಬರೆದಿದೆ ಎಂದು ಕೇಳಿದರು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ, ಇದ್ದದ್ದನ್ನು ಹೇಳಿದೆ.

"ಇಲ್ಲ ಅನ್ನಾಕೆ ಅದ್ಯಾವ್ದು?" ಅಂದರು. "ಅವ್ನು ತಂದಿರೋ ಡಬ್ಬ ಅದು."

ಅಂದಿನಿಂದ ಅವರು ಹಾಲು ಹಾಕಿ ಬಂದವರೇ ಕ್ಯಾನು ಬಾಗಿಲಲ್ಲಿಟ್ಟು ನನ್ನ ಪಕ್ಕ ಕೂರುತ್ತಿದ್ದರು. "ಬಂತೇನಮ್ಮ?" ಎಂದು ಕೇಳುತ್ತಿದ್ದರು. ಬಂತು ಅಂದರೆ ಎದ್ದು ಹೋಗಿ ಮುದ್ದೆಗೆ ಎಸರಿಡುತ್ತಿದ್ದರು. ಅನ್ನ ನೀರು ಬಿಟ್ಟವರಂತಿದ್ದ ಹೆಂಗಸು ಎರಡು ಹೊತ್ತು ಸರಿಯಾಗಿ ಉಣ್ಣತೊಡಗಿದರು. ಅದು ಯಂತ್ರದ ದೋಷ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಅಷ್ಟೇ ಅಲ್ಲ, ಆ ಹೊತ್ತಾದರೆ ನಾನೂ ಕಾಯುತ್ತಿದ್ದೆ. ಅದರಲ್ಲಿ ಅವನ ಹೆಸರು ಬರೆದು ಬಾಗಿಲು ತೆಗೆದುಬಿಡು ಎಂದು ಅತ್ತೆ ದಿನಾ ಹೇಳುತ್ತಿದ್ದರು. ಯಜಮಾನರು ಒಪ್ಪಲಿಲ್ಲ. ಅಮ್ಮನಿಗೆ ಇಲ್ಲದ ಆಸೆ ಹುಟ್ಟಿಸಬೇಡ ಎಂದು ನನ್ನ ಮೇಲೆ ರೇಗಿದರು.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅಂದು ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಾರೆ. ಹಬ್ಬಕ್ಕೆ ಬಂದ ಅತ್ತೆಯ ಅಣ್ಣ, ಈ ಸಲ ಮುನಿರಾಜನಿಗೂ ಇಡಬೇಕು ಎಂದು ಮಾತೆತ್ತಿದರು. ಇಷ್ಟು ವರ್ಷವಾದರೂ ಸುದ್ದಿಯಿಲ್ಲ, ಸತ್ತವನಾದರೆ ನಿಮ್ಮ ಮನೆಯ ಬಾಗಿಲಲ್ಲೇ ಅಲೆಯುತ್ತಿರುತ್ತಾನೆ ಅಂದರು.

"ಅವ್ನು ಇದ್ರೆ ಎಡೆ ಇಟ್ಟಿದ್ದು ಅವ್ನಿಗೇನೂ ಮಾಡಾಕಿಲ್ಲ. ಇಲ್ದಿದ್ರೆ ಉಣ್ದೆ ಅಸ್ಕೊಂಡವ್ನೆ" ಅಂದರು.

ಎಲ್ಲರಿಗೂ ಅದು ಸರಿ ಎನಿಸಿತು. ನನಗೂ ಎನಿಸಿತು. ಅತ್ತೆ ಮಾತ್ರ ಎದ್ದು ಹಸುವಿನ ಕಡೆಗೆ ಹೋದರು.

ಎಡೆಯ ಮುಂದೆ ಇಡಲು ಫೋಟೋ ಬೇಕು, ಅದು ನನ್ನ ಪಾಲಿಗೆ ಬಂತು. ಪೆನ್‌ಡ್ರೈವಿನಿಂದ ಅವನೇ ಮಾಡಿಟ್ಟಿದ್ದ ಹಾರ, ಎರಡು ದೀಪದ ಚೌಕಟ್ಟನ್ನು ತೆಗೆದೆ. ಕಾಣೆಯಾದವರ ಕಾಗದಕ್ಕೆ ಹಾಕಿದ್ದ ಅದೇ ಮುಖವನ್ನು ತಂದು ಅದರೊಳಗೆ ಕೂರಿಸಿದೆ. ಅವನು ಹೇಳುತ್ತಿದ್ದ ಹಾಗೆಯೇ ನಗುತ್ತಿದ್ದ. ಪ್ರಿಂಟು ಹೊರಗೆ ಬರುವಾಗ ಅಳು ತಡೆಯಲಾಗಲಿಲ್ಲ.

ಅವನು ಕೂರುತ್ತಿದ್ದ ಜಾಗವೆಂದು ಕಂಪ್ಯೂಟರಿನ ಕೋಣೆಯಲ್ಲೇ ಎಡೆ ಇಟ್ಟೆವು. ಕೋಳಿಸಾರು, ಮುದ್ದೆ, ವಡೆ, ಒಂದು ಹೊಸ ಶರಟು. ಧೂಪ ಹಾಕಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು, ಸತ್ತವರು ಬಂದು ಉಣ್ಣುವ ತನಕ ಸದ್ದು ಮಾಡಬಾರದು. ಅತ್ತೆ ಹೊಸ್ತಿಲು ಬಿಟ್ಟು ಏಳಲಿಲ್ಲ. ಯಜಮಾನರು ಅವರ ತೋಳು ಹಿಡಿದು ಈಚೆಗೆ ತಂದು ಬಾಗಿಲು ಎಳೆದರು. ಹಾಲು ಹಾಕಿ ಬರುವ ಹೊತ್ತು ಅದು. ಒಳಗೆ ಕಂಪ್ಯೂಟರ್ ನಡೆಯುತ್ತಲೇ ಇತ್ತು, ಪ್ರಿಂಟು ತೆಗೆದ ಮೇಲೆ ಆರಿಸುವುದು ಮರೆತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅತ್ತೆಯ ಅಣ್ಣ ಕೆಮ್ಮಿ ಬಾಗಿಲು ತೆಗೆದರು. ಇಟ್ಟದ್ದು ಇಟ್ಟ ಹಾಗೆಯೇ ಇತ್ತು. ಅದು ಎಲ್ಲ ವರ್ಷವೂ ಹಾಗೆಯೇ ಇರುತ್ತದೆ.

ಎಲ್ಲರೂ ಊಟಕ್ಕೆ ಕೂತಾಗ ನಾನು ಹೋಗಿ ಲಾಗ್ ನೋಡಿದೆ. ಆ ಸಂಜೆಯ ಸಾಲು ಇರಲಿಲ್ಲ. ಮರುದಿನವೂ ಬರಲಿಲ್ಲ. ಆಮೇಲೆ ಇವತ್ತಿನವರೆಗೂ ಬಂದಿಲ್ಲ.

ಯಾವುದೋ ಅಪ್‌ಡೇಟ್ ಆಗಿ ಸರಿಹೋಗಿರಬೇಕು ಎಂದು ರಿಪೇರಿಯವನು ಅಂದ. ಎಡೆ ಮುಟ್ಟಿತು, ಹುಡುಗ ತೃಪ್ತನಾದ ಎಂದು ಅತ್ತೆಯ ಅಣ್ಣ ಅಂದರು. ಯಜಮಾನರು ಈ ಮಾತನ್ನೇ ಎತ್ತುವುದಿಲ್ಲ. ಅತ್ತೆ ಒಂದು ಸಂಜೆ ನನ್ನ ಪಕ್ಕ ಕೂತು ಪರದೆಯತ್ತ ಕೈ ತೋರಿಸಿದರು.

"ಉಂಡ್ಕೊಂಡು ಒಂಟೋದ್ನೋ, ಇಲ್ಲಾ ನಾವು ಬಾಗ್ಲು ಆಕ್ಕೊಂಡ್ವಿ ಅಂತ ಒಂಟೋದ್ನೋ, ಅದ್ರಾಗೆ ನೋಡಿ ಯೋಳಮ್ಮ" ಅಂದರು.

ಅವತ್ತೇ ಅವನ ಹೆಸರನ್ನು ಮತ್ತೆ ಸೇರಿಸಿದೆ, ಪಾಸ್‌ವರ್ಡ್ ಇಡಲಿಲ್ಲ. ಯಜಮಾನರು ನೋಡಿದರು, ಈ ಸಲ ಬೇಡವೆನ್ನಲಿಲ್ಲ. ಈಗ ಕಂಪ್ಯೂಟರ್ ಹಾಕಿದರೆ ನನ್ನ ಹೆಸರಿನ ಕೆಳಗೆ ಮುನಿರಾಜು ಎಂದು ಕಾಣುತ್ತದೆ, ಒತ್ತಿದರೆ ಏನೂ ಕೇಳದೆ ತೆರೆದುಕೊಳ್ಳುತ್ತದೆ. ಯಾರೂ ಒತ್ತಿಲ್ಲ. ಅತ್ತೆ ಮುದ್ದೆ ತೆಗೆದಿಡುವುದನ್ನು ಬಿಟ್ಟಿದ್ದಾರೆ. ಹಾಲು ಹಾಕಿ ಬಂದು ಪಕ್ಕದಲ್ಲಿ ಕೂರುವುದನ್ನು ಬಿಟ್ಟಿಲ್ಲ. ಬಂತೇನಮ್ಮ ಎಂದು ಕೇಳುವುದಿಲ್ಲ, ನನ್ನ ಮುಖ ನೋಡುತ್ತಾರೆ ಅಷ್ಟೆ. ಅವರಿಗಾಗಿ ನಾನು ಲಾಗ್ ತೆಗೆಯುತ್ತೇನೆ, ಮೇಲಿಂದ ಕೆಳಗಿನವರೆಗೆ ನೋಡುತ್ತೇನೆ, ಮುಚ್ಚುತ್ತೇನೆ. ಅದರಲ್ಲಿ ಈಗ ಒಂದು ತಪ್ಪೂ ಇಲ್ಲ. ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿದೆ.