ಮೊನೆಯಿಲ್ಲದ ಗಾಳ

ವಾರ್ನಿಷ್ ವಾಸನೆ ಮೂಗಿಗೆ ಬಡಿದಾಗ ನಾನು ವರದಿಗೆಂದು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟೊಂದರ ಕ್ಲಬ್‌ಹೌಸಿನಲ್ಲಿ ನಿಂತಿದ್ದೆ. ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಅಲಂಕಾರಗಳನ್ನು ಕೈಯಲ್ಲೇ ಮಾಡಲು ಕಲಿಸುವ ಶಿಬಿರ ಅದು. ಗಾಳಕ್ಕೆ ಬಣ್ಣದ ಗರಿ, ದಾರ ಸುತ್ತಿ, ಮೀನನ್ನು ಮರುಳು ಮಾಡುವ ಹುಸಿ ನೊಣದ ಹಾಗೆ ಕಟ್ಟಬೇಕು. "ಮೊದಲು ಗಾಳದ ಮೊನೆ ಕತ್ತರಿಸಿಬಿಡಿ, ಮನೇಲಿ ಮಕ್ಕಳಿರ್ತಾರೆ," ಎಂದರು ಕಲಿಸುವಾಕೆ. ಒಂದೇ ಸಾಲಿನ ಸೂಚನೆ. ನಮ್ಮ ಮನೆಯಲ್ಲಿ ಅದನ್ನು ಸಕಾಲಕ್ಕೆ ಹೇಳಬೇಕಾಗಿದ್ದವಳು ನಾನು.

ಟಿ. ದಾಸರಹಳ್ಳಿಯಲ್ಲಿ ನಾವಿದ್ದ ವಠಾರ ಈಗಿಲ್ಲ, ಅಲ್ಲೊಂದು ಪಿ.ಜಿ. ಎದ್ದಿದೆ. ನಮ್ಮದು ಒಂದೇ ಕೋಣೆ. ಅಪ್ಪ ಪೀಣ್ಯದ ಲೇತ್ ಶೆಡ್ಡಿಗೆ ಹೋದ ಮೇಲೆ ಅವ್ವ ಕಿಟಕಿಯ ಕೆಳಗೆ ಮಣೆ ಹಾಕಿ, ಅದಕ್ಕೆ ಗಾಳವನ್ನು ಕಚ್ಚಿ ಹಿಡಿಯಲು ಅಪ್ಪನೇ ಮಾಡಿಕೊಟ್ಟ ಪುಟ್ಟ ವೈಸು ಬಿಗಿದು, ರಫ್ತು ಕಾರ್ಖಾನೆಯವರು ಕೊಡುತ್ತಿದ್ದ ಗಾಳಗಳಿಗೆ ನೊಣ ಕಟ್ಟಲು ಕೂರುತ್ತಿದ್ದಳು. ಹುಂಜದ ಕತ್ತಿನ ಗರಿ, ರೇಷ್ಮೆ ದಾರ, ಕೊನೆಗೆ ಗಂಟಿನ ಮೇಲೊಂದು ಹನಿ ವಾರ್ನಿಷ್. ಬಾಗಲಕೋಟೆ ಕಡೆಯ ಲಿಂಗವಂತರ ಮನೆ, ಮೀನೆಂದರೆ ದೂರ. ಗರಿ ಮುಟ್ಟಿದ ಕೈಯನ್ನು ಎರಡು ಸಲ ತೊಳೆಯದೆ ಅವ್ವ ವಿಭೂತಿ ಮುಟ್ಟುತ್ತಿರಲಿಲ್ಲ. ಪಕ್ಕದ ಮನೆಯ ಜಯಮ್ಮ ಬಾಗಿಲಲ್ಲಿ ನಿಂತು ಕೆಣಕುತ್ತಿದ್ದಳು: "ಮುಟ್ಟಲ್ಲ, ತಿನ್ನಲ್ಲ, ಆದ್ರೂ ದಿನಾ ಮೀನಿಗೆ ಅಡುಗೆ ಮಾಡ್ತೀಯಲ್ಲ ಕಣೇ ನೀಲಮ್ಮ." ಅವ್ವ ದಾರ ಬಿಡದೆಯೇ, "ನಾ ಬಡಸತೀನಿ ಅಷ್ಟ. ಉಣ್ಣೂದು ಬಿಡೂದು ಅದಕ್ಕ ಬಿಟ್ಟದ್ದು," ಅನ್ನುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥದೊಂದು ಕಿಟಕಿ ಇದ್ದಿರಬಹುದು. ಅದರ ಕೆಳಗೆ ಕೂತವರ ಬೆನ್ನು ನಿಮಗೆ ಮುಖಕ್ಕಿಂತ ಚೆನ್ನಾಗಿ ನೆನಪಿರಬಹುದು.

ಆ ವರ್ಷ ಕಾರ್ಖಾನೆಯ ಸೂಪರ್‌ವೈಸರ್ ಮಂಜಣ್ಣ ದೊಡ್ಡ ಗಾಳಗಳ ಚೀಲವೊಂದನ್ನು ತಂದುಕೊಟ್ಟ. ಇದೊಂದು ಆರ್ಡರ್ ತಪ್ಪಿಲ್ಲದೆ ಮುಗಿಸಿದರೆ ಒಳಗೇ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದ. ಒಳಗೆ ಅಂದರೆ ಕುರ್ಚಿ, ಟ್ಯೂಬ್‌ಲೈಟು, ಮನೆಮಂದಿಗೆಲ್ಲ ಪುಕ್ಕಟೆ ಆಸ್ಪತ್ರೆ ಕೊಡಿಸುವ ಇ.ಎಸ್.ಐ. ಕಾರ್ಡು. ಅಪ್ಪನ ಶೆಡ್ಡಿನಲ್ಲಿ ಕಾರ್ಡಿರಲಿಲ್ಲ, ಅಪ್ಪನ ಎದೆಯಲ್ಲಿ ಕೆಮ್ಮಿತ್ತು. ಚೀಲದ ಜೊತೆ ಇಂಗ್ಲಿಷಿನ ಚೀಟಿಯೊಂದು ಬಂದಿತ್ತು. ಅವ್ವ ಅದನ್ನು ನಾಲ್ಕನೇ ಕ್ಲಾಸಿನ ನನ್ನ ಕೈಗಿಟ್ಟು, "ಏನ್ ಬರದಾರ ನೋಡವಾ," ಎಂದಳು. ಜಯಮ್ಮನ ಮನೆಯಲ್ಲಿ ಟಿ.ವಿ. ಹಚ್ಚಿದ್ದರು. ಚೀಟಿಯ ಮೂಲೆಯಲ್ಲಿದ್ದ ಮರದ ಚಿತ್ರವನ್ನಷ್ಟೇ ನೋಡಿ, "ಹೋದ ಸಲದ್ದೇ ಅವ್ವಾ," ಎಂದು ಓಡಿದೆ.

ಗಾಳಗಳಿಗೆ ಮೊನೆಯೇ ಇರಲಿಲ್ಲ. ಕೆಟ್ಟ ಮಾಲು ಬಂದಿದೆ, ಹಾಗೇ ಕಟ್ಟಿದರೆ ತನ್ನ ಹೆಸರು ಹೋಗುತ್ತದೆ ಎಂದುಕೊಂಡಳು ಅವ್ವ. "ಮೊನಿ ಇಲ್ಲದ ಗಾಳ ಕಂಡ್ರ ಮೀನು ನಗತಾವ," ಎಂದು ಅಪ್ಪನ ಕೈಗೆ ಚೀಲ ಕೊಟ್ಟಳು. ಅಪ್ಪ ಎರಡು ದಿನ, ಕೆಲಸ ಮುಗಿದ ಮೇಲೆ, ಶೆಡ್ಡಿನ ಗ್ರೈಂಡರಿಗೆ ಹಿಡಿದು ಒಂದೊಂದನ್ನೂ ಸೂಜಿಯಂತೆ ಮಸೆದು ತಂದ. ಅವ್ವ ಅವುಗಳ ಮೇಲೆ ಕೆಂಪು, ಹಸಿರು ಗರಿಗಳ ನೊಣ ಕಟ್ಟಿದಳು. ಅಷ್ಟು ಚೆಂದದ್ದನ್ನು ಅವಳು ಹಿಂದೆಂದೂ ಕಟ್ಟಿರಲಿಲ್ಲ.

ವಾರದೊಳಗೆ ಮಂಜಣ್ಣ ಇಡೀ ಡಬ್ಬವನ್ನು ವಾಪಸು ತಂದ. ಪ್ಯಾಕಿಂಗ್ ಹುಡುಗಿಯ ಹೆಬ್ಬೆರಳಿಗೆ ಗಾಳ ಇಳಿದಿತ್ತು. "ಮರಕ್ಕೆ ನೇತು ಹಾಕೋದು ಕಣಮ್ಮ ಇದು. ಮಕ್ಕಳು ಮುಟ್ತಾರೆ ಅಂತ ನಾವೇ ಮೊನೆ ತೆಗೆಸಿದ್ವಿ. ಚೀಟಿ ಓದಿಲ್ವಾ?"

ಅವ್ವ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ, "ನನಗ ಓದಾಕ ಬರೂದಿಲ್ರೀ ಅಣ್ಣಾರ. ತಪ್ಪು ನಂದ," ಎಂದಳು. ಒಳಗಿನ ಕೆಲಸವೂ ಹೋಯಿತು, ಹೊರಗಿನದೂ ಹೋಯಿತು. ಅಪ್ಪನ ಕೆಮ್ಮು ಕಾರ್ಡಿಗಾಗಿ ಕಾಯಲಿಲ್ಲ.

ಅವ್ವ ನನ್ನನ್ನು ಬೈಯಲಿಲ್ಲ. ಆದರೆ ಅಂದಿನಿಂದ ಓದಲೆಂದು ಒಂದು ಕಾಗದವನ್ನೂ ನನ್ನ ಕೈಗೆ ಕೊಡಲಿಲ್ಲ. ನಾನು ಪತ್ರಿಕೆ ಸೇರಿ, ಕಂಡವರ ದಾಖಲೆಗಳನ್ನೆಲ್ಲ ಓದಿ ಬರೆಯುವುದನ್ನೇ ಕಸುಬು ಮಾಡಿಕೊಂಡ ಮೇಲೂ ಬ್ಯಾಂಕಿನ ಪತ್ರಗಳನ್ನು ಜಯಮ್ಮನ ಮಗಳ ಹತ್ತಿರ ಓದಿಸುತ್ತಿದ್ದಳು. ಕೊನೆಗೆ ಬಂದ ತನ್ನ ಆಸ್ಪತ್ರೆಯ ರಿಪೋರ್ಟನ್ನೂ ಬೀದಿ ತುದಿಯ ಮೆಡಿಕಲ್ ಅಂಗಡಿಯವನಿಂದ ಓದಿಸಿಕೊಂಡು, ಮಡಿಚಿ, ಹಾಸಿಗೆಯ ಕೆಳಗಿಟ್ಟಿದ್ದಳಂತೆ. ಅದರಲ್ಲಿ ಏನಿತ್ತೆಂದು ನನಗೆ ಹೇಳಿದವನು ಆ ಅಂಗಡಿಯವನೇ, ಅವಳ ಮಣ್ಣಿಗೆ ಬಂದಾಗ.