ಒದರಿದರೆ ಮಾತ್ರ ಬರುವ ಜರ್ಮನ್

ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಜರ್ಮನ್ ಕಲಿತದ್ದು ಬನಹಟ್ಟಿಯ ನಮ್ಮ ಮಗ್ಗದ ಶೆಡ್ಡಿನಲ್ಲಿ. ಜರ್ಮನಿಯ ನೇಕಾರ್ತಿಯೊಬ್ಬಳು, ಅರವತ್ತು ದಾಟಿದವಳು, ನಮ್ಮ ಕಡೆಯ ಸೀರೆ ನೇಯುವುದನ್ನು ನೋಡಲು ಬಂದು ನಮ್ಮ ಮಹಡಿಯ ಕೋಣೆಯಲ್ಲಿ ಹದಿನೈದು ದಿನ ಇರುವವಳಿದ್ದಳು. ಇಂಗ್ಲಿಷ್ ಬರುವುದಿಲ್ಲವಂತೆ. ಮನೆಗೆ ಬಂದವಳು ಮೂಗಿಯ ಹಾಗೆ ಕೂತು ಎದ್ದು ಹೋಗಬಾರದೆಂದು ನನಗೆ ಹಟ ಬಂತು.

ಆರು ತಿಂಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಓಡುವ ಎಂಟು ಕರೆಂಟು ಮಗ್ಗಗಳ ನಡುವೆ ನಿಂತು, ಮೊಬೈಲ್ ಹೇಳಿಕೊಟ್ಟದ್ದನ್ನು ಒದರಿದೆ. ಅಲ್ಲಿ ಒದರದಿದ್ದರೆ ನನ್ನ ಮಾತು ನನಗೇ ಕೇಳುವುದಿಲ್ಲ. ಎದುರಿಗೆ ಒಬ್ಬರಾದರೂ ಬೇಕಲ್ಲ ಎಂದು ನಮ್ಮ ಯಜಮಾನರನ್ನು ನಿಲ್ಲಿಸಿಕೊಳ್ಳುತ್ತಿದ್ದೆ. ಒಂದು ದಿನ ಪಕ್ಕದ ಮನೆಯಾಕೆ ನನ್ನನ್ನು ಹೊರಗೆ ಕರೆದಳು.

“ವೈನಿ, ಎಷ್ಟ ಬೈತೀರಿ ಅಣ್ಣಾರನ್ನ? ಪಾಪ, ತುಟಿಪಿಟಕ್ಕ ಅನ್ನಂಗಿಲ್ಲ ಅವರು.”

“ಬೈಯಾಕತ್ತಿದ್ದಿಲ್ಲ ಬೇ. ರೈಲಿನ ಟಿಕೀಟ ಎಲ್ಲಿ ಸಿಗತೈತಿ ಅಂತ ಕೇಳಾಕತ್ತಿದ್ದೆ.”

ನಮ್ಮೂರಿಗೆ ಇನ್ನೂ ರೈಲು ಬಂದಿರಲಿಲ್ಲ. ಆಕೆ ನನ್ನ ಹಣೆ ಮುಟ್ಟಿ ನೋಡಿ ಹೋದಳು.

ಅತಿಥಿ ಬಂದಳು. ಪಡಸಾಲೆಯಲ್ಲಿ ಕೂಡಿಸಿ, ಚಹಾ ಕೊಟ್ಟು, ಪ್ರಯಾಣ ಹೇಗಾಯಿತು ಎಂದು ಕೇಳಿದೆ. ಅವಳು ಬೆಚ್ಚಿ ಚಹಾ ಚೆಲ್ಲಿಕೊಂಡಳು. ಮೆಲ್ಲಗೆ ಕೇಳಲು ಹೋದರೆ ಒಂದು ಶಬ್ದವೂ ನೆನಪಾಗಲಿಲ್ಲ. ನನ್ನ ಜರ್ಮನ್ ಒದರಿದರೆ ಮಾತ್ರ ಬರುತ್ತಿತ್ತು. ಎರಡು ದಿನ ಅವಳು ನನ್ನನ್ನು ಕಂಡರೆ ಸಾಕು, ಮಹಡಿ ಹತ್ತಿಬಿಡುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಮೂರನೆಯ ದಿನ ಮಗ್ಗ ತೋರಿಸಲು ಕರೆದೊಯ್ದೆ. ಎಂಟೂ ಓಡುತ್ತಿದ್ದವು. ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಕೇಳಿದೆ. ಅವಳು ನಕ್ಕು, ನನ್ನಷ್ಟೇ ಜೋರಾಗಿ ಉತ್ತರ ಕೊಟ್ಟಳು. ಅಂದಿನಿಂದ ಚಹಾ, ರೊಟ್ಟಿ, ಮಾತು ಎಲ್ಲ ಶೆಡ್ಡಿನಲ್ಲೇ. ಯಜಮಾನರಿಗೆ ಅಂತೂ ರಜೆ ಸಿಕ್ಕಿತು.

ಹೊರಡುವ ಹಿಂದಿನ ಮಧ್ಯಾಹ್ನ ಅವಳು ಏನೋ ಹೇಳುತ್ತಿದ್ದಾಗಲೇ ಕರೆಂಟು ಹೋಯಿತು. ಮಗ್ಗಗಳು ನಿಂತವು, ಅವಳ ದನಿ ನಿಲ್ಲಲಿಲ್ಲ. ಗಂಡ ಸತ್ತ ಮೇಲೆ ನನ್ನ ಜೊತೆ ಯಾರೂ ಇಷ್ಟು ಮಾತಾಡಿಲ್ಲ ಎಂದು ಓಣಿಗೆಲ್ಲ ಕೇಳುವಂತೆ ಒದರಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಪಕ್ಕದ ಮನೆಯಾಕೆ ಬಾಗಿಲಿಗೆ ಬಂದಳು. “ಈಕಿನೂ ಬೈಯಾಕತ್ತಾಳೇನ್ರಿ ವೈನಿ?”

“ಹೂಂ ಬೇ, ಚಹಾದಾಗ ಸಕ್ಕರಿ ಕಡಿಮಿ ಆಗೇತಂತ.”

ಆಕೆ ಸಕ್ಕರೆ ತರಲು ಹೋದಳು. ಮೆಲ್ಲಗೆ ಆಡುವ ಜರ್ಮನ್ ನನಗಿನ್ನೂ ಬರುತ್ತಿರಲಿಲ್ಲ. ಅತಿಥಿಯ ಕೈ ಹಿಡಿದು ಕೂತೆ. ಕರೆಂಟು ಬಂದು ಮಗ್ಗಗಳು ಶುರುವಾದ ಕೂಡಲೇ, ಬರುವ ವರ್ಷವೂ ಬಾ ಎಂದು ಒದರಿದೆ.